ಕೂಡಿ ಕಳೆಯುವ ಲೆಕ್ಕವಲ್ಲ

ಮಾನ್ಯರೇ,

ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ (1932–2009) ಅವರಂಥವರ ಬದುಕಿಗೆ ಜಮಾ-ಖರ್ಚಿನ ಲೆಕ್ಕ ಹೊಂದದು. 1969ರ ಜುಲೈನಲ್ಲಿ ಚಾಪಕ್ವಿಡಿಕ್ ದ್ವೀಪದ ಸೇತುವೆಯಿಂದ ಅವರ ಕಾರು ನೀರಿಗುರುಳಿತು. ಅವರು ಪಾರಾದರು, ಜೊತೆಗಿದ್ದ 28 ವರ್ಷದ ಮೇರಿ ಜೋ ಕೊಪೆಕ್ನಿ ಉಳಿಯಲಿಲ್ಲ. ಪೊಲೀಸರಿಗೆ ತಿಳಿಸಿದ್ದು ಸುಮಾರು 10 ಗಂಟೆ ತಡವಾಗಿ. ಶಿಕ್ಷೆ? ಎರಡು ತಿಂಗಳ ಸೆರೆ, ಅದೂ ಅಮಾನತಿನಲ್ಲಿ! ಅಪಘಾತ ಯಾರಿಗೂ ಆಗಬಹುದು. ಆ 10 ಗಂಟೆಗೆ ಸಮರ್ಥನೆಯಿಲ್ಲ.

ಸುಮಾರು 47 ವರ್ಷ ಸೆನೆಟ್‌ನಲ್ಲಿದ್ದ ಇದೇ ವ್ಯಕ್ತಿ, ಎದುರು ಪಕ್ಷದ ಆರಿನ್ ಹ್ಯಾಚ್ ಜೊತೆಗೂಡಿ 1997ರಲ್ಲಿ ಮಕ್ಕಳ ಆರೋಗ್ಯ ವಿಮೆ ಯೋಜನೆಗಾಗಿ ದುಡಿದರು. ಸಿಗರೇಟಿನ ತೆರಿಗೆ ಹೆಚ್ಚಿಸಿ ಹಣ ಹೊಂದಿಸುವ ದಾರಿಯನ್ನೂ ತೋರಿದರು. ಕೊಪೆಕ್ನಿ ಕುಟುಂಬಕ್ಕೆ ಕೆನಡಿ ಉಳಿಸಿಕೊಂಡ ಋಣವನ್ನು ವಿಮೆ ಸಿಕ್ಕ ಮಕ್ಕಳು ತೀರಿಸಲಾರರು. ಶ್ರದ್ಧಾಂಜಲಿ ಬರೆಯುವವರು ಎರಡನ್ನೂ ಒಂದೇ ಪುಟದಲ್ಲಿ, ತಾರೀಖು ಸಮೇತ ಬರೆಯಲಿ.

— ಒಬ್ಬ ಓದುಗ