ಕೋಟು ಬಿಚ್ಚಿಟ್ಟು ಊಟಕ್ಕೆ ಬಾ

ಮಾಟುಂಗಾ, ಮುಂಬಯಿ

ಚಿ. ಪ್ರಸನ್ನನಿಗೆ ಮಾವನ ಆಶೀರ್ವಾದಗಳು.

ಇತ್ತ ನಾವು ಕ್ಷೇಮ. ಫೋನು ಮಾಡಬಹುದಿತ್ತು. ಆದರೆ ಜನರನ್ನು ಸೇರಿಸುತ್ತ ಸಾಮಾನು ಮಾರುವ ಆ ಕಂಪನಿಗೆ ಸೇರಿದ ಮೇಲೆ ನೀನು ಮೂರನೆಯ ಮಾತಿಗೇ ‘ಮಾವ, ನಿಮ್ಮ ಕನಸು ಏನು?’ ಎಂದು ಕೇಳುತ್ತೀಯ. ಅರುವತ್ತೆಂಟರ ಮುದುಕನ ಕನಸು ರಾತ್ರಿ ಎಚ್ಚರವಾಗದೆ ಬೆಳಗಿನವರೆಗೆ ಮಲಗುವುದು. ಅದಕ್ಕೂ ನಿನ್ನ ಬಳಿ ಒಂದು ಪುಡಿ ಇದೆ, ಡಬ್ಬಿಗೆ 2,400 ರೂಪಾಯಿ. ಹಾಗಾಗಿ ಕಾಗದ.

ಕಳೆದ ಭಾನುವಾರ ಆ ಸೆಕೆಯಲ್ಲಿ ನೀನು ಕೋಟು ತೊಟ್ಟು ಬಂದದ್ದನ್ನು ಕಂಡು ನಿನ್ನ ಅತ್ತೆ, ಹುಡುಗಿ ನೋಡಲು ಹೊರಟಿದ್ದಾನೆಂದು ತಿಳಿದು ಶಿರಾಕ್ಕೆ ರವೆ ಹುರಿಯತೊಡಗಿದ್ದಳು. ಜೊತೆಗಿದ್ದವರನ್ನು ‘ಇವರು ನನ್ನ ಅಪ್‌ಲೈನ್’ ಎಂದು ಪರಿಚಯಿಸಿದೆ; ಅಂದರೆ ಸಾಲಿನಲ್ಲಿ ನಿನಗಿಂತ ಮೇಲಿನವರಂತೆ. ಅಪ್, ಡೌನ್ ಎಂದರೆ ನನಗೆ ಗೊತ್ತಿದ್ದದ್ದು ರೈಲಿನದು: ಮುಂಬಯಿಯ ದೊಡ್ಡ ನಿಲ್ದಾಣ ಸಿಎಸ್‌ಎಂಟಿ ಕಡೆಗೆ ಬರುವುದು ಅಪ್, ನಿಮ್ಮ ಡೊಂಬಿವಲಿ ಕಡೆಗೆ ಹೋಗುವುದು ಡೌನ್. ಸಂಜೆ ಡೌನ್ ಹೋದವನು ಬೆಳಿಗ್ಗೆ ಅಪ್ ಬರುತ್ತಾನೆ. ನಿಮ್ಮ ಲೈನಿನಲ್ಲಿ ದುಡ್ಡು ಮಾತ್ರ ಅಪ್ ಹೋಗುತ್ತದೆ, ಜನ ಡೌನಿನಲ್ಲೇ ಉಳಿಯುತ್ತಾರೆ.

ಆ ಮಹಾನುಭಾವರು ನಮ್ಮ ಗೋಡೆಯ ಕ್ಯಾಲೆಂಡರಿನಿಂದ ಜೂನ್ ಹಾಳೆ ಹರಿದು, ಅದರ ಹಿಂಬದಿಯಲ್ಲಿ ಒಂದು ಸೊನ್ನೆ, ಅದರ ಕೆಳಗೆ ಆರು ಸೊನ್ನೆ, ಪ್ರತಿಯೊಂದರ ಕೆಳಗೂ ಮತ್ತೆ ಆರಾರು ಸೊನ್ನೆ ಬರೆದರು. ಮೂರನೆಯ ಸಾಲಿಗೆ ಹಾಳೆ ಮುಗಿಯಿತು, ಅವರ ಉತ್ಸಾಹ ಮುಗಿಯಲಿಲ್ಲ. ಹಾಳೆಯನ್ನು ಮಡಚಿ ಕಿಸೆಗೂ ಹಾಕಿಕೊಂಡರು. ಮುಂಬದಿಯಲ್ಲಿ ಹಾಲಿನವನ ಲೆಕ್ಕವಿತ್ತು; ಆ ತಿಂಗಳದ್ದು ಅವನು ಹೇಳಿದಷ್ಟು ಕೊಡಬೇಕಾಯಿತು.

ಅವರು ಬಿಟ್ಟ ಲೆಕ್ಕವನ್ನು ರಾತ್ರಿ ನಾನು ಮುಂದುವರಿಸಿದೆ. ಮೂವತ್ತೆರಡು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವನಿಗೆ ಅರ್ಧ ಬಿಟ್ಟ ಲೆಕ್ಕ ಕಂಡರೆ ನಿದ್ದೆ ಬರುವುದಿಲ್ಲ. ಒಬ್ಬೊಬ್ಬ ಆರು ಜನರನ್ನು ತಂದರೆ, ಆ ಮೊದಲ ಆರು ಸೊನ್ನೆಯನ್ನು ಒಂದನೆಯ ಸಾಲೆಂದು ಎಣಿಸಿ, ಒಂಬತ್ತನೆಯ ಸಾಲಿನ ಹೊತ್ತಿಗೆ ಒಟ್ಟು 1.21 ಕೋಟಿ ಜನ. 2011ರ ಜನಗಣತಿಯಲ್ಲಿ ಮುಂಬಯಿಯ ಜನಸಂಖ್ಯೆ 1.24 ಕೋಟಿ. ಅಂದರೆ ತೊಟ್ಟಿಲ ಕೂಸುಗಳೂ ಅಡ್ವಾನ್ಸ್ ಕಟ್ಟಿರಬೇಕು. ಹನ್ನೆರಡನೆಯ ಸಾಲೊಂದಕ್ಕೇ ಸುಮಾರು 218 ಕೋಟಿ ಬೇಕು, ಭಾರತ ಸಾಲದು. ಹದಿಮೂರಕ್ಕೆ 1,306 ಕೋಟಿ, ಭೂಮಿಯೇ ಸಾಲದು. ಎಲ್ಲಿ ನಿಲ್ಲಿಸಿದರೂ ಆರರಲ್ಲಿ ಐದು ಪಾಲು ಜನ ಕೊನೆಯ ಸಾಲಿನವರು, ಅವರ ಕೆಳಗೆ ಯಾರೂ ಇಲ್ಲ. ಇದಕ್ಕೆ ಆ ಮಹಾನುಭಾವರ ಉತ್ತರ ನನಗೆ ಗೊತ್ತು: ‘ಸರ್, ನೀವು ನೆಗೆಟಿವ್ ಆಗಿ ಯೋಚಿಸುತ್ತಿದ್ದೀರಿ.’ ಆರು ಆರಲಿ ಮೂವತ್ತಾರು ಎಂಬುದರಲ್ಲಿ ನೆಗೆಟಿವ್ ಏನಿದೆಯೋ, ನಮ್ಮ ಕಾಲದ ಮಗ್ಗಿಯಲ್ಲಿ ಇರಲಿಲ್ಲ.

ನಮ್ಮ ಹೋಟೆಲಿನಲ್ಲಿ ಇಡ್ಲಿ ತಿಂದವನು ಬಿಲ್ಲು ಕೊಟ್ಟು, ಸೋಂಪು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದ. ‘ನೀನೂ ಒಂದು ಹೋಟೆಲು ಹಾಕು, ಇನ್ನು ಆರು ಜನರಿಂದ ಹಾಕಿಸು’ ಎಂದು ನಮ್ಮ ಧಣಿಗಳು ಯಾರ ಬೆನ್ನನ್ನೂ ಹತ್ತಲಿಲ್ಲ. ಇಡ್ಲಿ ಚೆನ್ನಾಗಿದ್ದರೆ ಅವನೇ ನಾಳೆ ಬರುತ್ತಿದ್ದ.

ನಾನೇನು ಮಹಾ ಜಾಣನಲ್ಲ. ತೊಂಬತ್ತರ ದಶಕದಲ್ಲಿ, ಇಪ್ಪತ್ತು ವರ್ಷಕ್ಕೆ ಲಕ್ಷಾಧೀಶನಾಗುವೆ ಎಂದು ನಂಬಿ, ಕಂಡಿರದ ಊರಿನಲ್ಲಿ ಹತ್ತು ತೇಗದ ಗಿಡ ಕೊಂಡಿದ್ದೆ. ಗಿಡದ ಚಿತ್ರವಿದ್ದ ಪ್ರಮಾಣಪತ್ರ ಬಂತು, ಕಟ್ಟು ಹಾಕಿಸಿ ತೂಗುಹಾಕಿದೆ. ಕಂಪನಿ ಮಾಯವಾಯಿತು. ಈಗ ಉಳಿದಿರುವುದು ಆ ಕಟ್ಟು ಮಾತ್ರ, ಅದೂ ಪ್ಲೈವುಡ್ಡಿನದು. ನಿನ್ನ ಅಮ್ಮನನ್ನೂ ಎರಡು ಗಿಡ ಕೊಳ್ಳುವಂತೆ ಮಾಡಿದ್ದು ನಾನೇ. ಅವಳು ಈವರೆಗೆ ಒಂದು ಮಾತು ಆಡಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಆ ನನ್ನ ತಂಗಿ ಈಗ ನಿನ್ನ ಪ್ರೋಟೀನ್ ಪುಡಿಯನ್ನು ದೋಸೆ ಹಿಟ್ಟಿಗೆ ಕಲಸುತ್ತಿದ್ದಾಳೆ, ಗೊತ್ತೇ? ಅವಧಿ ಮುಗಿಯುವುದರೊಳಗೆ ಖರ್ಚಾಗಲಿ ಎಂದು. ದೋಸೆ ಕಾವಲಿ ಬಿಟ್ಟು ಏಳುವುದಿಲ್ಲವಂತೆ. ಉಳಿದ ಪೆಟ್ಟಿಗೆಗಳ ಮೇಲೆ ಚಾದರ ಹೊದಿಸಿ ಬಂದವರನ್ನು ಕೂರಿಸುತ್ತಾಳೆ. ಬರುವವರೂ ಕಡಿಮೆ. ಮೊನ್ನೆ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕದ ನಡುವೆ ನೀನು ಹತ್ತಿರ ಬರುವುದನ್ನು ಕಂಡು ನಾಲ್ವರು ಒಟ್ಟಿಗೇ ಶೌಚಾಲಯಕ್ಕೆ ನಡೆದರು. ಅವರಲ್ಲಿ ನಾನೂ ಒಬ್ಬ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಹಣ ಸುತ್ತಿಸುವ ಇಂಥ ಯೋಜನೆಗಳನ್ನು 1978ರಲ್ಲೇ ನಿಷೇಧಿಸಿದ್ದಾರೆ. 2021ರ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆಯನ್ನು, ಅಂದರೆ ಕೆಳಗೆ ಜನರನ್ನು ಸೇರಿಸಿಯೇ ಹಣ ಮಾಡುವುದನ್ನು, ನಿಷೇಧಿಸುತ್ತವೆ. ನಿನ್ನ ಕರಾರುಪತ್ರ ತೆಗೆದುಕೊಂಡು ಬಾ, ಇಬ್ಬರೂ ಕುಳಿತು ಓದೋಣ. ಸಾಮಾನು ಹಿಂದಕ್ಕೆ ಪಡೆಯುವಂತೆ ಅವರಿಗೆ ಬರೆದು ಕೇಳೋಣ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ನಾನೇ ಮಾತನಾಡುತ್ತೇನೆ.

ಭಾನುವಾರ ಅತ್ತೆ ಪತ್ರೊಡೆ ಮಾಡುತ್ತಾಳೆ. ಒಬ್ಬನೇ ಬಾ, ಕೋಟು ಬೇಡ. ಬರುವಾಗ ನಿನ್ನ ಹಲ್ಲಿನ ಪೇಸ್ಟು ಎರಡು ತಾ, ನಮ್ಮದು ಮುಗಿದಿದೆ. ಕಿರಾಣಿ ಅಂಗಡಿಯ ರೇಟು ಕೊಡುತ್ತೇನೆ.

ಇತಿ ನಿನ್ನ ಮಾವ