ಕಿಮ್ಚಿ ತಿನ್ನುವವರಿಗೆ

ಎಲ್ಲರಿಗೂ ನಮಸ್ಕಾರ. ಕೊರಿಯಾಗೆ ಹೊಸದಾಗಿ ಬಂದವರು ಇಲ್ಲಿನ ಹುಳಿ ಬರಿಸಿದ ಎಲೆಕೋಸು, ಅಂದ್ರೆ ಕಿಮ್ಚಿ, ದಿನಾ ಎಷ್ಟು ತಿನ್ನಬಹುದು ಅಂತ ಕೇಳ್ತಾನೇ ಇದ್ದೀರಿ, ಅದಕ್ಕೇ ಇಲ್ಲೇ ಬರೀತಿದ್ದೇನೆ.

ಇಲ್ಲಿ ಹೋಟೆಲಲ್ಲಿ ಕಿಮ್ಚಿ ಪುಕ್ಕಟೆ, ಖಾಲಿಯಾದರೆ ಮತ್ತೆ ಹಾಕ್ತಾರೆ. ಹಾಗಂತ ಬಟ್ಟಲುಗಟ್ಟಲೆ ತಿನ್ನಬೇಡಿ. ಅದು ಪಲ್ಯ ಅಲ್ಲ, ಉಪ್ಪಿನಕಾಯಿ ಥರ ಅನ್ನದ ಜೊತೆ ನಂಜಿಕೊಳ್ಳೋದು. ಮೊದಲ ವಾರ ಊಟಕ್ಕೆ ಎರಡು ಚಮಚ ಸಾಕು, ಹೊಟ್ಟೆ ಒಗ್ಗಿದ ಮೇಲೆ ದಿನಕ್ಕೆ ಒಂದು ಸಣ್ಣ ಬಟ್ಟಲು. ಎಲೆಕೋಸನ್ನು ಉಪ್ಪಲ್ಲಿ ನೆನೆಸಿಯೇ ಮಾಡೋದರಿಂದ 100 ಗ್ರಾಂ ಕಿಮ್ಚಿಯಲ್ಲಿ ಸುಮಾರು ಒಂದೂವರೆ ಗ್ರಾಂ ಉಪ್ಪಿರುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇಡೀ ದಿನಕ್ಕೇ 5 ಗ್ರಾಂಗಿಂತ ಕಡಿಮೆ, ಇನ್ನು ಮೇಲಿಂದ ಸಾರು, ರಾಮ್ಯನ್ (ಕೊರಿಯಾದ ನೂಡಲ್ಸ್) ಎಲ್ಲ ಇದೆಯಲ್ವಾ. ಬಿಪಿ, ಕಿಡ್ನಿ ತೊಂದರೆ ಇರೋರು ಡಾಕ್ಟರನ್ನು ಕೇಳಿಯೇ ತಿನ್ನಿ.

ಸಸ್ಯಾಹಾರಿಗಳೇ, ಗಮನಿಸಿ: ಮಾಮೂಲಿ ಕಿಮ್ಚಿಗೆ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಅಥವಾ ಮೀನಿನ ರಸ ಬಿದ್ದಿರುತ್ತೆ. ಪ್ಯಾಕೆಟ್ ಮೇಲಿನ ಪಟ್ಟಿ ಓದಿ, ಇಲ್ಲಾಂದ್ರೆ ಬೌದ್ಧ ದೇವಸ್ಥಾನದ ಶೈಲಿಯದ್ದು ಹುಡುಕಿ, ಅದರಲ್ಲಿ ಬೆಳ್ಳುಳ್ಳಿಯೂ ಇರಲ್ಲ.

ಡಬ್ಬಿ ಉಬ್ಬಿದ್ದರೆ ಗಾಬರಿ ಬೇಡ, ಹುಳಿ ಬರುವಾಗ ಗ್ಯಾಸ್ ಆಗುತ್ತೆ. ಸಿಂಕ್ ಮೇಲೆ ಹಿಡಿದು ನಿಧಾನಕ್ಕೆ ತೆಗೆಯಿರಿ, ಇಲ್ಲಾಂದ್ರೆ ಕೆಂಪು ರಸ ಅಂಗಿ ಮೇಲೇ. ತುಂಬಾ ಹುಳಿಯಾಗಿದ್ದರೆ ಎಸೆಯಬೇಡಿ, ಕಿಮ್ಚಿ ಜಿಗೆಗೆ (ಕಿಮ್ಚಿ ಹಾಕಿ ಕುದಿಸೋ ಗಟ್ಟಿ ಸಾರು) ಅದೇ ರುಚಿ. ಬೂಷ್ಟು ಕಂಡರೆ ಮಾತ್ರ ಎಸೆದುಬಿಡಿ.