ಸುದ್ದಿ ಹೊತ್ತು ನಡೆದವರೂ ಹೋರಾಟಗಾರರೇ

ಮಾನ್ಯ ಸಂಪಾದಕರೇ,

ನಾಜಿ ಹತ್ಯಾಕಾಂಡದಲ್ಲಿ ಮಡಿದವರ ಸ್ಮರಣೆಯ ದಿನವಾದ ಜನವರಿ 27ರಂದು ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಅರವತ್ತು ಲಕ್ಷ ಯಹೂದಿಗಳ ಕೊಲೆ ಹೇಗೆ ನಡೆಯಿತು ಎಂಬುದನ್ನು ಲೇಖಕರು ಸಂಯಮದಿಂದ ವಿವರಿಸಿದ್ದಾರೆ. ಅದಕ್ಕಾಗಿ ಅವರಿಗೆ ಕೃತಜ್ಞಳಾಗಿದ್ದೇನೆ. ಆದರೆ ಬಹುತೇಕ ಯಹೂದಿಗಳು ಪ್ರತಿಭಟಿಸದೆ ಸಾವಿಗೆ ನಡೆದುಹೋದರು ಎಂಬ ಅವರ ಅಭಿಪ್ರಾಯವನ್ನೂ, ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ಯಹೂದಿಗಳು ನಾಜಿಗಳ ವಿರುದ್ಧ ಎದ್ದ ದಂಗೆಯ ಪ್ರಸ್ತಾಪದಲ್ಲಿ ಕೆಲವು ಹೆಣ್ಣುಮಕ್ಕಳು ಹೋರಾಟಗಾರರಿಗೆ ನೆರವಾದರು ಎಂದು ಒಂದೇ ವಾಕ್ಯದಲ್ಲಿ ಮುಗಿಸಿರುವುದನ್ನೂ ಒಪ್ಪಲಾರೆ. ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಬಹುಕಾಲ ಇತಿಹಾಸ ಕಲಿಸಿದವಳಾಗಿ ಈ ಕುರಿತು ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಆ ಹೆಣ್ಣುಮಕ್ಕಳ ಕೆಲಸವಿಲ್ಲದೆ ಆ ಹೋರಾಟ ಹುಟ್ಟುತ್ತಲೇ ಇರಲಿಲ್ಲ.

ಪೋಲೆಂಡಿನ ನಗರಗಳಲ್ಲಿ ಯಹೂದಿಗಳನ್ನು ‘ಘೆಟ್ಟೊ’ ಎಂಬ ಬೇಲಿಯೊಳಗಿನ ಕೇರಿಗಳಲ್ಲಿ ಕೂಡಿಹಾಕಲಾಗಿತ್ತು. ರೇಡಿಯೊ ಇಟ್ಟುಕೊಳ್ಳುವಂತಿರಲಿಲ್ಲ, ರೈಲು ಹತ್ತುವಂತಿರಲಿಲ್ಲ, ಕಾಗದಗಳೆಲ್ಲ ತನಿಖೆಗೆ ಒಳಗಾಗುತ್ತಿದ್ದವು. ಒಂದು ಊರಿನವರನ್ನು ಕೊಂದ ಸುದ್ದಿ ಇನ್ನೊಂದು ಊರಿಗೆ ತಲುಪದಿರುವುದೇ ಕೊಲೆಗಾರರಿಗೆ ದೊಡ್ಡ ಅನುಕೂಲವಾಗಿತ್ತು. ಕೆಲಸಕ್ಕೆ ಕಳುಹಿಸುತ್ತಿದ್ದೇವೆ ಎಂಬ ಸುಳ್ಳನ್ನು ಜನ ನಂಬಿದ್ದು ಅದರಿಂದಲೇ. ಈ ಕತ್ತಲನ್ನು ಮುರಿದವರು ಯಹೂದಿ ಯುವಜನ ಸಂಘಟನೆಗಳ ಯುವತಿಯರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಅವರು ಸುಳ್ಳು ಗುರುತಿನ ಪತ್ರ ಹಿಡಿದು, ಕ್ರೈಸ್ತ ಹೆಸರಿಟ್ಟುಕೊಂಡು, ಊರಿಂದೂರಿಗೆ ರೈಲಿನಲ್ಲಿ ಓಡಾಡಿ ಸುದ್ದಿ, ಹಣ, ನಕಲಿ ಕಾಗದಪತ್ರ, ಕೊನೆಗೆ ಪಿಸ್ತೂಲುಗಳನ್ನೂ ಸಾಗಿಸಿದರು.

ಈ ಕೆಲಸ ಹೆಣ್ಣುಮಕ್ಕಳ ಪಾಲಿಗೆ ಬಂದುದಕ್ಕೆ ಕಾರಣಗಳಿದ್ದವು. ಸುನ್ನತಿಯಾದ ಯಹೂದಿ ಗಂಡಸನ್ನು ಬಟ್ಟೆ ಬಿಚ್ಚಿಸಿದ ಕ್ಷಣವೇ ಪತ್ತೆ ಹಚ್ಚಬಹುದಿತ್ತು. ಹೆಣ್ಣಿನ ಮೈಮೇಲೆ ಅಂಥ ಗುರುತಿರಲಿಲ್ಲ. ಅನೇಕ ಮನೆಗಳಲ್ಲಿ ಗಂಡುಮಕ್ಕಳನ್ನು ಧಾರ್ಮಿಕ ಪಾಠಶಾಲೆಗೂ ಹೆಣ್ಣುಮಕ್ಕಳನ್ನು ಸರ್ಕಾರಿ ಶಾಲೆಗೂ ಕಳುಹಿಸುವ ರೂಢಿ ಇದ್ದುದರಿಂದ ಹುಡುಗಿಯರ ಪೋಲಿಷ್ ಮಾತು ಸ್ಥಳೀಯರಷ್ಟೇ ಶುದ್ಧವಾಗಿರುತ್ತಿತ್ತು. ಹಗಲುಹೊತ್ತಿನಲ್ಲಿ ಬೀದಿಯಲ್ಲಿ ಕಂಡ ಹರೆಯದ ಗಂಡಸಿನ ಮೇಲೆ ಹುಟ್ಟುವ ಅನುಮಾನ ಬುಟ್ಟಿ ಹಿಡಿದು ನಡೆಯುವ ಹೆಣ್ಣಿನ ಮೇಲೆ ಹುಟ್ಟುತ್ತಿರಲಿಲ್ಲ.

1941ರಲ್ಲಿ ವಿಲ್ನಾ (ಇಂದಿನ ಲಿಥುವೇನಿಯಾದ ವಿಲ್ನಿಯಸ್) ನಗರದ ಹೊರಗಿನ ಪೊನಾರಿ ಕಾಡಿನಲ್ಲಿ ಸಾವಿರಾರು ಯಹೂದಿಗಳನ್ನು ಹೊಂಡಗಳ ಅಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕಲಾಯಿತು. ಅದೇ ವರ್ಷದ ಕೊನೆಯಲ್ಲಿ ವಾರ್ಸಾದಿಂದ ವಿಲ್ನಾಕ್ಕೆ ಹೋದ ಟೋಸಿಯಾ ಆಲ್ಟ್‌ಮನ್ ಈ ವಾರ್ತೆಯನ್ನು ಇತರ ಘೆಟ್ಟೊಗಳಿಗೆ ಒಯ್ದಳು. ಹಿರಿಯರಲ್ಲಿ ಹಲವರು ನಂಬಲಿಲ್ಲ. ಕಿರಿಯರು ನಂಬಿದರು, ಆಯುಧ ಹುಡುಕತೊಡಗಿದರು. 1942ರ ಜುಲೈ 28ರಂದು ವಾರ್ಸಾದಲ್ಲಿ ಯಹೂದಿ ಹೋರಾಟ ಸಂಘಟನೆ ಸ್ಥಾಪನೆಯಾದಾಗ ಝಿವಿಯಾ ಲುಬೆಟ್ಕಿನ್ ಅದರ ಸ್ಥಾಪಕರಲ್ಲಿ ಒಬ್ಬಳಾಗಿದ್ದಳು. ಫ್ರುಮ್ಕಾ ಪ್ಲೋಟ್ನಿಟ್ಸ್ಕಾ ಆಲೂಗಡ್ಡೆಯ ಚೀಲದ ತಳದಲ್ಲಿ ಬಂದೂಕುಗಳನ್ನು ಅಡಗಿಸಿ ಘೆಟ್ಟೊ ಒಳಗೆ ತಂದಳು. 1943ರ ಆಗಸ್ಟಿನಲ್ಲಿ ಬೆಂಜಿನ್ ಎಂಬ ಊರಿನಲ್ಲಿ ಕಾದಾಡುತ್ತಲೇ ಮಡಿದಳು. ವಿಲ್ನಾದ ವಿಟ್ಕಾ ಕೆಂಪ್ನರ್ 1942ರಲ್ಲಿ ತಾನೇ ಬಾಂಬು ಹೊತ್ತೊಯ್ದು ಜರ್ಮನ್ ರೈಲೊಂದನ್ನು ಸ್ಫೋಟಿಸಿದಳು. ಇವರನ್ನು ನೆರವಿನವರೆಂದು ಕರೆಯುವುದಾದರೆ ಹೋರಾಟಗಾರರು ಯಾರು?

1941ರ ಕ್ರಿಸ್‌ಮಸ್ ವೇಳೆ ತೆಗೆದ ಒಂದು ಛಾಯಾಚಿತ್ರ ಉಳಿದುಬಂದಿದೆ. ಗ್ರೋಡ್ನೊ ಊರಿನಲ್ಲಿದ್ದ ನಾಜಿ ಗುಪ್ತ ಪೊಲೀಸರ (ಗೆಸ್ಟಾಪೊ) ಕಚೇರಿಯಲ್ಲಿ ಪೋಲಿಷ್ ಹೆಸರಿನಲ್ಲಿ ಕೆಲಸಕ್ಕಿದ್ದ ಬೆಲಾ ಹಜಾನ್, ಅಲ್ಲಿನ ಸಂತೋಷಕೂಟಕ್ಕೆ ತನ್ನ ಇಬ್ಬರು ಗೆಳತಿಯರಾದ ಲೋಂಕಾ ಮತ್ತು ಟೆಮಾರನ್ನು ಕರೆತಂದಿದ್ದಳು. ಮೂವರೂ ಯಹೂದಿಯರು, ಮೂವರೂ ಗುಪ್ತ ದೂತಿಯರು. ಆ ಇಬ್ಬರು ಗೆಳತಿಯರು ಯುದ್ಧ ಮುಗಿಯುವವರೆಗೆ ಬದುಕಲಿಲ್ಲ. ಆ ಚಿತ್ರದಲ್ಲಿನ ಅವರ ನಗುಮುಖಗಳನ್ನು ನೋಡಿದ ಮೇಲೆ, ಧೈರ್ಯವೆಂದರೆ ಬಂದೂಕು ಹಿಡಿಯುವುದು ಮಾತ್ರ ಎಂದು ಮಕ್ಕಳಿಗೆ ಹೇಳಲು ನನ್ನಿಂದಾಗಲಿಲ್ಲ.

ನಾಜಿಗಳ ಸಾವಿನ ಶಿಬಿರವಾಗಿದ್ದ ಔಶ್ವಿಟ್ಜ್‌ನೊಳಗೂ ಪ್ರತಿರೋಧ ನಡೆಯಿತು. ಅಲ್ಲಿನ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಎಸ್ತೂಸಿಯಾ ವೈಟ್ಸ್‌ಬ್ಲೂಮ್, ರೆಗೀನಾ ಸಫಿರ್‌ಸ್ಟೈನ್, ಆಲಾ ಗೆರ್ಟ್‌ನರ್ ಮುಂತಾದ ಕೈದಿಗಳು ಸಿಡಿಮದ್ದನ್ನು ಚೂರುಚೂರಾಗಿ ಕದ್ದು, ಬಟ್ಟೆಯ ತುಂಡುಗಳಲ್ಲಿ ಸುತ್ತಿ, ಮೈಮೇಲೆ ಬಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಹೊರಸಾಗಿಸಿದರು. ಔಶ್ವಿಟ್ಜ್‌ನ ಭಾಗವೇ ಆಗಿದ್ದ ಬಿರ್ಕೆನೌ ಶಿಬಿರದಲ್ಲಿ ಸತ್ತವರ ಬಟ್ಟೆಬರೆ ವಿಂಗಡಿಸುವ ಕೆಲಸಕ್ಕಿದ್ದ ರೋಜಾ ರೋಬೋಟಾ ಅದನ್ನು ಪಡೆದು, ಹೆಣ ಸುಡುವ ಕೆಲಸಕ್ಕೆ ಹಚ್ಚಲ್ಪಟ್ಟಿದ್ದ ಕೈದಿಗಳಿಗೆ ಮುಟ್ಟಿಸುತ್ತಿದ್ದಳು. 1944ರ ಅಕ್ಟೋಬರ್ 7ರಂದು ಆ ಕೈದಿಗಳು ಬಂಡೆದ್ದರು. ಒಂದು ಸುಡುಗೃಹ ಮತ್ತೆ ಬಳಕೆಗೆ ಬರದಂತಾಯಿತು. ತನಿಖೆಯಲ್ಲಿ ಸಿಕ್ಕಿಬಿದ್ದ ರೋಜಾಳಿಗೆ ಚಿತ್ರಹಿಂಸೆ ಕೊಟ್ಟರೂ ಬದುಕಿದ್ದ ಸಂಗಾತಿಗಳ ಹೆಸರನ್ನು ಆಕೆ ಬಾಯಿಬಿಡಲಿಲ್ಲ. ನಾಲ್ವರನ್ನೂ 1945ರ ಜನವರಿ ಮೊದಲ ವಾರದಲ್ಲಿ ಇತರ ಕೈದಿಗಳ ಎದುರಿನಲ್ಲೇ ಗಲ್ಲಿಗೇರಿಸಲಾಯಿತು. ಸೋವಿಯತ್ ಸೇನೆ ಶಿಬಿರವನ್ನು ತಲುಪಿದ್ದು ಅದೇ ತಿಂಗಳ 27ರಂದು. ತಮ್ಮ ಲೇಖನ ಪ್ರಕಟವಾದ ದಿನಾಂಕದ ಹಿನ್ನೆಲೆಯಲ್ಲೇ ಈ ನಾಲ್ಕು ಹೆಸರುಗಳು ಇರಬೇಕಿತ್ತು.

ಈ ಹೆಸರುಗಳು ಮರೆವಿಗೆ ಸರಿದದ್ದೇಕೆ? ದೂತಿಯರಲ್ಲಿ ಹಲವರು ಬದುಕುಳಿಯಲಿಲ್ಲ. ಯಾವ ಗುರುತನ್ನೂ ಉಳಿಸದಿರುವುದೇ ಅವರ ಕೆಲಸದ ನಿಯಮವಾಗಿತ್ತು. ಯಶಸ್ವಿಯಾದ ಪಯಣಕ್ಕೆ ದಾಖಲೆಯೇ ಇರುವುದಿಲ್ಲ. ವಾರ್ಸಾ ಘೆಟ್ಟೊದೊಳಗೆ ಗುಟ್ಟಾಗಿ ದಾಖಲೆ ಸಂಗ್ರಹಿಸುತ್ತಿದ್ದ ಇತಿಹಾಸಕಾರ ಎಮಾನುಯೆಲ್ ರಿಂಗೆಲ್‌ಬ್ಲಮ್, ಈ ಹುಡುಗಿಯರ ಕಥೆ ಒಬ್ಬ ಮಹಾನ್ ಲೇಖಕನ ಲೇಖನಿಗೆ ತಕ್ಕದ್ದು ಎಂಬರ್ಥದಲ್ಲಿ 1942ರಲ್ಲೇ ಬರೆದಿಟ್ಟಿದ್ದ. ನಂತರದ ಬರಹಗಳು ಅವರಿಗೆ ಬಹುಕಾಲ ಅಡಿಟಿಪ್ಪಣಿಯಷ್ಟೇ ಜಾಗ ಕೊಟ್ಟವು.

ನಮ್ಮಲ್ಲೂ ಹೀಗೆಯೇ ಆಗಿದೆ ಎನ್ನದೆ ವಿಧಿಯಿಲ್ಲ. ಬ್ರಿಟಿಷ್ ಆಡಳಿತವನ್ನು ನಾಜಿಗಳ ಸರ್ವನಾಶದ ಯೋಜನೆಗೆ ಸಮನಾಗಿಸುವುದು ತಪ್ಪು. ನಾನು ಹಾಗೆ ಹೇಳುತ್ತಿಲ್ಲ. ಆದರೆ 1942ರ ಚಳವಳಿಯಲ್ಲಿ ಭೂಗತ ಕಾರ್ಯಕರ್ತರಿಗೆ ಹುಬ್ಬಳ್ಳಿಯ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟ ಉಮಾಬಾಯಿ ಕುಂದಾಪುರ ಅವರ ಹೆಸರನ್ನು ನಮ್ಮ ಜಿಲ್ಲೆಯ ಎಷ್ಟು ಮಕ್ಕಳು ಕೇಳಿದ್ದಾರೆ?

ಆದ್ದರಿಂದ ಒಂದು ಕೋರಿಕೆ. 1938ರ ಏಪ್ರಿಲ್ 25ರಂದು ನಮ್ಮ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ ಘಟನೆಯನ್ನು ಪ್ರತಿ ವರ್ಷ ಆ ದಿನಗಳಲ್ಲಿ ಸ್ಮರಿಸಲಾಗುತ್ತದೆ. ವಾರ್ಸಾ ಘೆಟ್ಟೊದ ದಂಗೆ ಆರಂಭವಾದದ್ದು 1943ರ ಏಪ್ರಿಲ್ 19ರಂದು. ಎರಡೂ ದಿನಗಳು ಒಂದೇ ವಾರದ ಅಂತರದಲ್ಲಿ ಬರುತ್ತವೆ. ಬರುವ ಏಪ್ರಿಲಿನಲ್ಲಿ ತಮ್ಮ ವಿದ್ಯಾರ್ಥಿ ಪುಟದಲ್ಲಿ ವಿದುರಾಶ್ವತ್ಥದ ಲೇಖನದ ಜೊತೆಗೆ ಝಿವಿಯಾ, ಟೋಸಿಯಾ, ಫ್ರುಮ್ಕಾ, ರೋಜಾ ಇವರ ಕುರಿತೂ ಒಂದು ಲೇಖನವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಬೇಕಿದ್ದರೆ ಅದನ್ನು ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕಿ,
ಗೌರಿಬಿದನೂರು, ಚಿಕ್ಕಬಳ್ಳಾಪುರ ಜಿಲ್ಲೆ